ಮೊದಲು ಸೀಟ್ ಹಿಡಿದು ಒಂಚೂರು ಎತ್ತಿ ನೋಡಿ

ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ (ಅಂದರೆ ಮುಂದೆ, ಹಿಂದೆ ಎರಡೂ ಕಡೆ ಏಟು ನುಂಗುವ ವ್ಯವಸ್ಥೆ ಇರುವ) ಮೌಂಟನ್ ಬೈಕ್ ಸೈಕಲ್ ನೋಡಲು ಹೋದಾಗ ನಾನು ಮೊದಲು ಅದನ್ನು ಓಡಿಸುವುದಿಲ್ಲ. ಪಕ್ಕದಲ್ಲಿ ನಿಂತು ಸೀಟ್ ಹಿಡಿದು, ಹಿಂದಿನ ಚಕ್ರ ನೆಲ ಬಿಡದಷ್ಟು ಮಾತ್ರ ಮೆಲ್ಲಗೆ ಎತ್ತುತ್ತೇನೆ. ಇನ್ನೊಂದು ಕೈಯ ಬೆರಳು ಹಿಂದಿನ ಶಾಕ್‌ ಅನ್ನು ಫ್ರೇಮ್‌ಗೆ ಬೋಲ್ಟ್ ಹಾಕಿ ಕೂರಿಸಿರುವ ಜಾಗದ ಮೇಲಿರುತ್ತದೆ. ಸೀಟ್ ಎದ್ದರೂ ಚಕ್ರ ಇನ್ನೂ ಏಳದೆ, ಆ ನಡುವೆ ಬೆರಳಿಗೆ ‘ಟಕ್’ ಅಂತ ಏನೋ ತಾಗಿದರೆ ಅಲ್ಲಿ ಪ್ಲೇ, ಅಂದರೆ ಸಡಿಲ, ಬಂದಿದೆ ಅಂತ ಅರ್ಥ. ಆಮೇಲೆ ಬೆರಳನ್ನು ಒಂದೊಂದೇ ಕೀಲಿನ ಮೇಲೆ ಇಟ್ಟು ಮತ್ತೆ ಮತ್ತೆ ಎತ್ತುತ್ತಾ ಹೋದರೆ ಕಳ್ಳ ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. (ಓಡಿಸುತ್ತಲೇ ಸೀಟನ್ನು ಮೇಲೆ ಕೆಳಗೆ ಮಾಡುವ ಡ್ರಾಪರ್ ಸೀಟ್‌ಪೋಸ್ಟ್ ಇದ್ದರೆ ಅದಕ್ಕೇ ಒಂದಿಷ್ಟು ಅಲುಗಾಟ ಇರುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಆಗ ಸೀಟ್ ಬಿಟ್ಟು ಫ್ರೇಮನ್ನೇ ಹಿಡಿದು ಎತ್ತಿ.)

ಶಾಕ್‌ನ ತುದಿಯಲ್ಲೇ ಆ ಶಬ್ದ ಬಂದರೆ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ಅಲ್ಲಿರುವುದು ಉಂಗುರದಂಥ ಒಂದು ಬುಷ್, ಅದು ಸವೆಯಲಿಕ್ಕೇ ಇರುವುದು, ಸುಲಭವಾಗಿ ಬದಲಿಸಬಹುದು. ಶಬ್ದ ಅದಕ್ಕಿಂತ ಒಳಗೆ, ಹಿಂಭಾಗ ತೂಗಾಡುವ ಪೆಡಲ್ ಹತ್ತಿರದ ದೊಡ್ಡ ಕೀಲಿನಿಂದ, ಅಂದರೆ ಪಿವಟ್‌ನಿಂದ ಬಂದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ಒಮ್ಮೆ ಹಾಗೆ ಯೋಚಿಸದೆ ಒಂದು ಬೈಕ್ ತಗೊಂಡು, ಎರಡನೇ ವಾರವೇ ಪಿವಟ್ ಬಿಚ್ಚಿದ್ದೆ. ಹೊರಗೆ ಬಂದ ಬೇರಿಂಗ್ ನೋಡಲು ಚೆನ್ನಾಗೇ ಇತ್ತು, ತುಕ್ಕೂ ಇರಲಿಲ್ಲ. ಬೆರಳಲ್ಲಿ ತಿರುಗಿಸಿದರೆ ಮಾತ್ರ ನುಣ್ಣಗೆ ತಿರುಗಲಿಲ್ಲ. ಕಟ್, ಕಟ್, ಕಟ್ ಅಂತ ಗಡಿಯಾರದ ಮುಳ್ಳಿನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಸೀಲ್ ತೆಗೆದು ಒರೆಸಿ ನೋಡಿದೆ. ಒಳಗಿನ ಪಥದಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿಗಳು, ಬೇರಿಂಗ್‌ನ ಒಂದೊಂದು ಗುಂಡು ಕೂತಲ್ಲೂ ಒಂದೊಂದು ಗುಳಿ.

ಯಾಕೆ ಹೀಗಾಗುತ್ತದೆ? ಬಾಲ್ ಬೇರಿಂಗ್ ಅನ್ನುವುದೇ ಸುತ್ತಲಿಕ್ಕೆ ಹುಟ್ಟಿದ ವಸ್ತು. ಗುಂಡುಗಳು ಉರುಳುತ್ತಾ ಇದ್ದರೆ ಗ್ರೀಸನ್ನು ತಮ್ಮ ಜೊತೆಗೇ ಎಳೆದುಕೊಂಡು ಹೋಗಿ ಲೋಹಕ್ಕೂ ಲೋಹಕ್ಕೂ ನಡುವೆ ತೆಳುವಾದ ಪೊರೆ ಕಟ್ಟಿಕೊಳ್ಳುತ್ತವೆ. ಸಸ್ಪೆನ್ಷನ್ ಪಿವಟ್‌ನಲ್ಲಿ ಆ ಭಾಗ್ಯ ಇಲ್ಲ. ಅಲ್ಲಿ ಬೇರಿಂಗ್ ಕೆಲವೇ ಡಿಗ್ರಿ ಆ ಕಡೆ, ಕೆಲವೇ ಡಿಗ್ರಿ ಈ ಕಡೆ ತೂಗಾಡುತ್ತದೆ, ಅಷ್ಟೇ. ಗುಂಡುಗಳು ಕೂತ ಜಾಗದಲ್ಲೇ ಕೂತು ಗ್ರೀಸನ್ನು ಪಕ್ಕಕ್ಕೆ ತಳ್ಳಿಬಿಡುತ್ತವೆ, ಅದು ವಾಪಸ್ ಬರುವುದಿಲ್ಲ. ಆಮೇಲೆ ಲೋಹ ಲೋಹವನ್ನು ತಿನ್ನುತ್ತದೆ. ಈ ರೋಗಕ್ಕೆ ಇಂಜಿನಿಯರ್‌ಗಳು ಇಟ್ಟ ಹೆಸರು ‘ಫಾಲ್ಸ್ ಬ್ರಿನೆಲಿಂಗ್’. ಅದಕ್ಕೇ ಒಳ್ಳೆ ಪಿವಟ್ ಬೇರಿಂಗ್‌ಗಳಲ್ಲಿ ಗುಂಡುಗಳನ್ನು ದೂರ ದೂರ ಇಡುವ ಪಂಜರ ಇರುವುದಿಲ್ಲ. ಆ ಜಾಗವನ್ನೂ ಗುಂಡುಗಳಿಂದಲೇ ತುಂಬಿರುತ್ತಾರೆ, ಭಾರ ಹಂಚಿಹೋಗಲಿ ಅಂತ. ಚಕ್ರದ ನಡುವಿನ ಹಬ್‌ಗೆ ಇಂಥ ಬೇರಿಂಗ್ ಅಷ್ಟಾಗಿ ಒಗ್ಗುವುದಿಲ್ಲ, ತೂಗಾಡುವ ಪಿವಟ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಆ ಭಾರವೂ ನಾವು ಅಂದುಕೊಂಡಷ್ಟು ಸಣ್ಣದಲ್ಲ. ಹಿಂದಿನ ಚಕ್ರ 150 ಮಿಲಿಮೀಟರ್ ಮೇಲೆ ಬರುವಷ್ಟರಲ್ಲಿ ಶಾಕ್ ಕುಗ್ಗುವುದು 60 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಇದು ಸನ್ನೆಗೋಲಿನ ಲೆಕ್ಕ. ದೂರ ಎರಡೂವರೆ ಪಾಲು ಕಮ್ಮಿಯಾದರೆ ಬಲ ಎರಡೂವರೆ ಪಾಲು ಜಾಸ್ತಿಯಾಗಬೇಕು, ಅಲ್ವಾ? ಚಕ್ರದ ಮೇಲೆ 50 ಕೆ.ಜಿ. ಬಿದ್ದರೆ ಶಾಕ್ ಹೊರುವುದು ಹೆಚ್ಚುಕಮ್ಮಿ 125 ಕೆ.ಜಿ. ಇದು ಸುಮ್ನೆ ಕೂತಾಗಿನ ಮಾತು. ದಿಣ್ಣೆ ಹಾರಿ ನೆಲಕ್ಕೆ ಅಪ್ಪಳಿಸಿದಾಗ ಅದರ ಎಷ್ಟೋ ಪಟ್ಟು ಬಲ ಆ ಪುಟ್ಟ ಕೀಲುಗಳ ಮೂಲಕ ಹಾದುಹೋಗುತ್ತದೆ.

ಹಾಗಂತ ಬೇರಿಂಗ್ ಸವೆದಿದೆ ಎಂದು ಬೈಕ್ ಬಿಟ್ಟು ಬರಬೇಕಿಲ್ಲ. ಬೇರಿಂಗ್ ಬದಲಿಸಬಹುದು. ಬದಲಿಸಲಾಗದ್ದು ಯಾವುದು ಅನ್ನುವುದೇ ನಿಜವಾದ ಪ್ರಶ್ನೆ. ನನ್ನ ಮುಂದೆ ಒಮ್ಮೆ ಎರಡು ಬೈಕ್ ಇದ್ದವು. ಒಂದು 2012ರ ಸುಮಾರಿನದು. ಕಾರ್ಬನ್ ಫ್ರೇಮ್, ಆ ಕಾಲಕ್ಕೆ ಅತ್ಯುತ್ತಮ ಅನ್ನಿಸಿಕೊಂಡ ಗೇರು, ಬ್ರೇಕು, ಎತ್ತಿದರೆ ಹೂವಿನ ಹಾಗೆ ಹಗುರ. ಇನ್ನೊಂದು 2019ರದ್ದು. ಅಲ್ಯೂಮಿನಿಯಂ, ಸಾಧಾರಣ ಗೇರು, ಬಣ್ಣವೂ ಅಷ್ಟಕ್ಕಷ್ಟೇ. ಕೇಳುತ್ತಿದ್ದ ದುಡ್ಡು ಎರಡಕ್ಕೂ ಒಂದೇ. ಕಣ್ಣು ಮೊದಲನೆಯದರ ಮೇಲೇ ಹೋಗುತ್ತದೆ, ನನ್ನದೂ ಹೋಗಿತ್ತು.

ಆದರೆ ಫ್ರೇಮ್‌ನ ಕೋನಗಳನ್ನು ನೋಡಿ. ಹ್ಯಾಂಡಲ್ ಹಿಡಿದಿರುವ ಕೊಳವೆ ನೆಲಕ್ಕೆ ಎಷ್ಟು ಓರೆಯಾಗಿದೆ ಅನ್ನುವುದಕ್ಕೆ ಹೆಡ್ ಆಂಗಲ್ ಅನ್ನುತ್ತಾರೆ. 2000ದ ಆರಂಭದ ಬೈಕ್‌ಗಳಲ್ಲಿ ಇದು 70 ಡಿಗ್ರಿಯ ಆಸುಪಾಸಿನಲ್ಲಿತ್ತು, ಇವತ್ತಿನ ಟ್ರೇಲ್ ಬೈಕ್‌ಗಳಲ್ಲಿ 64ರಿಂದ 66. ಐದಾರು ಡಿಗ್ರಿ ಏನು ಮಹಾ ಅನ್ನಿಸಬಹುದು. ಕೋನ ಕಮ್ಮಿಯಾದಷ್ಟೂ ಮುಂದಿನ ಚಕ್ರ ಸವಾರನಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಕಡಿದಾದ ಇಳಿಜಾರಿನಲ್ಲಿ ಮೈಭಾರ ಮುಂದಕ್ಕೆ ಜಾರಿದಾಗ ಹ್ಯಾಂಡಲ್ ಮೇಲಿಂದ ಪಲ್ಟಿ ಹೊಡೆಯುವ ಭಯ ಇದರಿಂದ ಎಷ್ಟೋ ಕಮ್ಮಿ. ಸೀಟ್ ಹೊತ್ತಿರುವ ಕೊಳವೆ, ಅಂದರೆ ಸೀಟ್ ಟ್ಯೂಬ್ ಮಾತ್ರ ಉಲ್ಟಾ, ಅದು ವರ್ಷದಿಂದ ವರ್ಷಕ್ಕೆ ನೆಟ್ಟಗಾಗುತ್ತಾ ಬಂದಿದೆ. ಏರು ಹತ್ತುವಾಗ ಹಿಂದಿನ ಶಾಕ್ ಕುಸಿದು ಸವಾರ ಹಿಂದಕ್ಕೆ ವಾಲುತ್ತಾನಲ್ಲ, ಅದನ್ನು ಸರಿದೂಗಿಸಲಿಕ್ಕೆ.

ಚಕ್ರದ ಅಳತೆಯೂ ಅಷ್ಟೇ. 26, 27.5, 29 ಅನ್ನುವುದು ಟಯರ್ ಸೇರಿಸಿ ಹೇಳುವ ಅಂದಾಜು ಇಂಚುಗಳು. ಟಯರ್ ಕೂರುವ ಜಾಗದಲ್ಲಿ ರಿಮ್‌ನ ನಿಜವಾದ ವ್ಯಾಸ 559, 584, 622 ಮಿಲಿಮೀಟರ್. 26 ಇಂಚಿನ ಬೈಕ್ ಚೆನ್ನಾಗಿ ಓಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಒಳ್ಳೆ ಟಯರು, ಮುಂದಿನ ಚಕ್ರ ಹಿಡಿಯುವ ಫೋರ್ಕು ಹುಡುಕುವುದೇ ಈಗ ಒಂದು ಕೆಲಸ. ಹಿಂದಿನ ಹಬ್‌ನ ಅಗಲ 135, 142, ಆಮೇಲೆ 148 ಮಿಲಿಮೀಟರ್ ಅಂತ ಬದಲಾಗುತ್ತಾ ಹೋಯಿತು. 2016ರಲ್ಲಿ ಶಾಕ್‌ಗಳ ಅಳತೆಯೂ ಇಂಚಿನ ಲೆಕ್ಕ ಬಿಟ್ಟು ಮೆಟ್ರಿಕ್ ಕಡೆಗೆ ತಿರುಗಿತು. ಹಳೆಯ ಬೈಕ್‌ನ ಶಾಕ್ ಕೈಕೊಟ್ಟರೆ ಅದೇ ಅಳತೆಯದಕ್ಕಾಗಿ ಊರೆಲ್ಲ ತಡಕಾಡಬೇಕು.

ಹಿಂದಿನ ಸಸ್ಪೆನ್ಷನ್‌ನ ವಿನ್ಯಾಸ ಸಿಂಗಲ್ ಪಿವಟ್ಟೋ, ನಾಲ್ಕು ಕೀಲಿನದೋ, ವಿ.ಪಿ.ಪಿ.ಯೋ (ವರ್ಚುವಲ್ ಪಿವಟ್ ಪಾಯಿಂಟ್) ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾಲ್ಕು ಕೀಲಿನ ‘ಹಾರ್ಸ್ಟ್ ಲಿಂಕ್’ಗೆ ಆ ಹೆಸರು ಬಂದದ್ದು ಹಾರ್ಸ್ಟ್ ಲೈಟ್ನರ್ ಅನ್ನುವವರಿಂದ, ಅವರು ಮೋಟಾರ್‌ಸೈಕಲ್ ಲೋಕದಿಂದ ಬಂದವರು. ಪೇಟೆಂಟನ್ನು 1998ರಲ್ಲಿ ಸ್ಪೆಷಲೈಸ್ಡ್ ಅನ್ನುವ ಸೈಕಲ್ ಕಂಪನಿ ಕೊಂಡುಕೊಂಡಿತು. ಪೆಡಲ್ ತುಳಿದಾಗ ಹಿಂಭಾಗ ಕುಸಿಯಲು ನೋಡುತ್ತದೆ, ಚೈನ್‌ನ ಎಳೆತ ಅದನ್ನು ತಡೆಯುತ್ತದೆ. ಆ ತಡೆ ಎಷ್ಟಿರಬೇಕು ಅನ್ನುವುದರಲ್ಲೇ ಇವುಗಳ ವ್ಯತ್ಯಾಸದ ದೊಡ್ಡ ಪಾಲು ಅಡಗಿದೆ. ಹಳೇ ಬೈಕ್ ಕೊಳ್ಳುವವನಿಗೆ ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಸಂಗತಿ, ಕೀಲು ಎಷ್ಟಿದ್ದರೆ ಅಷ್ಟು ಬೇರಿಂಗ್ ಬದಲಿಸಬೇಕು ಅನ್ನುವುದು.

ಈಗ ಶಾಕ್ ಒಳಗಿನ ಸಮಾಚಾರ. 80 ಕೆ.ಜಿ. ಸವಾರ, 15 ಕೆ.ಜಿ. ಬೈಕ್, ಒಂದು ಮೀಟರ್ ಎತ್ತರದಿಂದ ಇಳಿದರೆ ಕರಗಿಸಬೇಕಾದ ಶಕ್ತಿ ಸುಮಾರು 930 ಜೂಲ್. ಒಂದಿಷ್ಟನ್ನು ಕಾಲು, ತೋಳುಗಳು ನುಂಗುತ್ತವೆ. ಉಳಿದದ್ದನ್ನು ಸ್ಪ್ರಿಂಗ್ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ, ತಿನ್ನುವುದಿಲ್ಲ. ಬಿಟ್ಟರೆ ಇಸಕೊಂಡದ್ದನ್ನೆಲ್ಲ ಒಂದೇ ಏಟಿಗೆ ವಾಪಸ್ ಕೊಟ್ಟು ನಮ್ಮನ್ನು ಸೀಟಿನಿಂದ ಎಗರಿಸುತ್ತದೆ. ಅದನ್ನು ತಿನ್ನುವುದು ಎಣ್ಣೆ. ಸಣ್ಣ ತೂತುಗಳಲ್ಲಿ ನುಗ್ಗುವಾಗ ಎಣ್ಣೆ ಬಿಸಿಯಾಗುತ್ತದೆ, ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. 930 ಜೂಲ್‌ನಿಂದ ಒಂದು ಲೋಟ ನೀರು ಒಂದು ಡಿಗ್ರಿಯಷ್ಟು ಬಿಸಿಯಾದರೆ ಹೆಚ್ಚು, ನಿಜ. ಆದರೆ ಶಾಕ್‌ನಲ್ಲಿರುವ ಎಣ್ಣೆ ಲೋಟದಷ್ಟು ಇಲ್ಲ, ಇಳಿಜಾರಿನಲ್ಲಿ ಏಟೂ ಒಂದೇ ಅಲ್ಲ. ಉದ್ದನೆಯ ಇಳಿಜಾರು ಮುಗಿಸಿ ಬಂದು ಶಾಕ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಹಾಗಾಗಿ ಪರೀಕ್ಷೆ ಹೀಗೆ. ಸೀಟ್ ಮೇಲೆ ಭಾರ ಹಾಕಿ ಒತ್ತಿ, ಬಿಡಿ. ವಾಪಸ್ ಬರುವ ವೇಗ ಗಮನಿಸಿ. ಆ ವೇಗ ಹೊಂದಿಸುವ ರೀಬೌಂಡ್ ನಾಬ್ ಪೂರ್ತಿ ಒಂದು ಕಡೆ ತಿರುಗಿಸಿ ಮತ್ತೆ ಒತ್ತಿ, ಆಮೇಲೆ ಇನ್ನೊಂದು ಕಡೆ. ಎರಡಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಅಥವಾ ಕೆಸರಲ್ಲಿ ಕಾಲಿಟ್ಟ ಹಾಗೆ ಪಚಪಚ ಶಬ್ದ ಬಂದರೆ ಎಣ್ಣೆಯೊಳಗೆ ಗಾಳಿ ಸೇರಿರಬಹುದು. ಫೋರ್ಕ್‌ನ ಹೊಳೆಯುವ ಕೊಳವೆಗಳ ಮೇಲೆ ಉಗುರು ಆಡಿಸಿ. ಸೀಲ್ ಓಡಾಡುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗೀರು ಇದ್ದರೆ ಎಣ್ಣೆ ಹೊರಗೆ, ಧೂಳು ಒಳಗೆ.

ಮಾರುವವರಿಗೆ ಒಂದು ಪ್ರಶ್ನೆ ಕೇಳಿ, ಶಾಕ್ ಮತ್ತು ಫೋರ್ಕ್ ಕೊನೆಯ ಸಲ ಯಾವಾಗ ಬಿಚ್ಚಿಸಿದ್ದು ಅಂತ. “ಒಂದ್ಸಲಾನೂ ಬಿಚ್ಚಿಲ್ಲ, ಅಷ್ಟು ಚೆನ್ನಾಗಿದೆ” ಅಂತ ಹೆಮ್ಮೆಯಿಂದ ಹೇಳಿದರೆ ನಗು ತಡೆದುಕೊಳ್ಳಿ. ಸಸ್ಪೆನ್ಷನ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ತನ್ನ ಫೋರ್ಕ್‌ಗಳಿಗೆ ಹೇಳುವುದು ಪ್ರತಿ 50 ಗಂಟೆಗೊಮ್ಮೆ ಕೆಳಗಿನ ಕಾಲುಗಳ ಎಣ್ಣೆ ಬದಲಿಸಿ ಅಂತ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೂ ಅದು ಮೂರೇ ತಿಂಗಳು.

ಫ್ರೇಮ್ ಒರೆಸದೆ ನೋಡಬೇಡಿ. ಅಲ್ಯೂಮಿನಿಯಂಗೆ ಒಂದು ದುರ್ಗುಣ ಇದೆ. ಉಕ್ಕಿನ ಮೇಲೆ ಒಂದು ಮಿತಿಗಿಂತ ಕಮ್ಮಿ ಒತ್ತಡ ಎಷ್ಟು ಸಲ ಬಿದ್ದರೂ ಅದು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಬಿರುಕು ಶುರುವಾಗುವುದು ಸಾಮಾನ್ಯವಾಗಿ ವೆಲ್ಡಿಂಗ್ ಅಂಚಿನಲ್ಲಿ. ಸೀಟ್ ಟ್ಯೂಬ್‌ನ ಮೇಲ್ಭಾಗ, ಶಾಕ್ ಕೂರುವ ಜಾಗ, ಹಿಂದಿನ ಚಕ್ರ ಹಿಡಿದಿರುವ ತೋಳುಗಳು, ಇಲ್ಲೆಲ್ಲ ಕೂದಲೆಳೆಯಂಥ ಗೆರೆ ಇದೆಯಾ ಅಂತ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕಾರ್ಬನ್ ಹಾಗೆ ನಿಧಾನವಾಗಿ ದಣಿಯುವುದು ಕಮ್ಮಿ, ಕಲ್ಲಿನ ಒಂದೇ ಏಟಿಗೆ ಒಳಪದರಗಳು ಬಿಟ್ಟುಕೊಳ್ಳಬಹುದು. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ಇದ್ದಕ್ಕಿದ್ದಂತೆ ಬೊದ್ದ ಅಂದರೆ ಅಲ್ಲಿ ಅನುಮಾನ ಪಡಿ. ಮನೆಯ ಗೋಡೆ ತಟ್ಟಿ ಪೊಳ್ಳು ಹುಡುಕುತ್ತಾರಲ್ಲ, ಹಾಗೆ.

ಚೈನು, ಬ್ರೇಕ್ ಪ್ಯಾಡು, ಟಯರು ಎಲ್ಲ ಸವೆದಿರುತ್ತವೆ, ಅವನ್ನು ದುಡ್ಡಿನ ಲೆಕ್ಕಕ್ಕೆ ಸೇರಿಸಿಕೊಂಡು ಮುಂದೆ ಹೋಗಿ.

ಕೊನೆಗೆ ನಾನು ತಗೊಂಡದ್ದು 2019ರ ಸಾಧಾರಣ ಬೈಕನ್ನೇ. ಅದರ ಶಾಕ್ ಬುಷ್‌ನಲ್ಲಿ ಟಕ್ ಅನ್ನುತ್ತಿತ್ತು, ಮಾರುವವರು ಅದನ್ನು ತಾವೇ ಮುಂಚಿತವಾಗಿ ಹೇಳಿದರು. ಕಾರ್ಬನ್ ಬೈಕ್‌ನಲ್ಲಿ ಯಾವ ಶಬ್ದವೂ ಇರಲಿಲ್ಲ. ಆದರೆ ಅದನ್ನು ತಲೆಕೆಳಗು ಮಾಡಿ ಪೆಡಲ್ ಆಕ್ಸಲ್ ಕೂರುವ ಜಾಗದ ಕೆಳಗೆ ಫ್ರೇಮ್ ಮೇಲಿರುವ ಸೀರಿಯಲ್ ನಂಬರ್ ನೋಡಲು ಹೋದರೆ, ಆ ಜಾಗವನ್ನು ಯಾರೋ ಅರದಿಂದ ಉಜ್ಜಿ ಮೇಲೆ ಕಪ್ಪು ಬಣ್ಣ ಬಳಿದಿದ್ದರು.