ಮೊರಾಂಡಿ ಸೇತುವೆ: ಕಾಂಕ್ರೀಟಿನೊಳಗೆ ಅಡಗಿದ್ದ ತುಕ್ಕು

ಇಟಲಿಯ ಬಂದರು ನಗರ ಜಿನೋವಾದಲ್ಲಿ ಪೋಲ್ಚೆವೆರಾ ನದಿಯ ಕಣಿವೆಗೆ ಅಡ್ಡಲಾಗಿ ನಿಂತಿದ್ದ ಹೆದ್ದಾರಿ ಸೇತುವೆಯ ಒಂದು ಭಾಗ 2018ರ ಆಗಸ್ಟ್ 14ರಂದು, ಸುರಿಮಳೆಯ ನಡುವೆ ಕುಸಿದು 43 ಜನ ಸತ್ತರು. ಅಂದಿನಿಂದ ತನಿಖೆ, ಮೊಕದ್ದಮೆ, ರಾಜಕೀಯ ಎಲ್ಲವೂ ಸೇರಿ ವಿಷಯ ಎಷ್ಟು ಗೋಜಲಾಗಿದೆಯೆಂದರೆ, ಎಳೆ ಬಿಡಿಸಬೇಕಾದವರು ಆ ಸೇತುವೆಯ ಮೈಕಟ್ಟಿನಿಂದಲೇ ಶುರುಮಾಡುವುದು ಒಳ್ಳೆಯದು.

ಎಂಜಿನಿಯರ್ ರಿಕಾರ್ಡೊ ಮೊರಾಂಡಿ ರೂಪಿಸಿದ ಈ ಸೇತುವೆ 1967ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಒಟ್ಟು ಉದ್ದ 1,182 ಮೀಟರ್; ಮುಖ್ಯ ಭಾಗವನ್ನು ಸುಮಾರು 90 ಮೀಟರ್ ಎತ್ತರದ ಮೂರು ಗೋಪುರಗಳು ಹೊತ್ತಿದ್ದವು. ಗೋಪುರದಿಂದ ಇಳಿಬಿಟ್ಟ ಕೇಬಲ್‌ಗಳು ರಸ್ತೆಯನ್ನು ಎತ್ತಿಹಿಡಿಯುವ ಇಂಥ ಸೇತುವೆಗಳಲ್ಲಿ ಸಾಮಾನ್ಯವಾಗಿ ಹತ್ತಾರು ಕೇಬಲ್‌ಗಳು ಕಣ್ಣಿಗೆ ಕಾಣುವಂತೆ ಇಳಿಬಿದ್ದಿರುತ್ತವೆ. ಇಲ್ಲಿ ಗೋಪುರವೊಂದಕ್ಕೆ ನಾಲ್ಕೇ ನಾಲ್ಕು ಕೇಬಲ್ ಕಟ್ಟುಗಳು, ಅವುಗಳಲ್ಲಿನ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿಯದಿರಲೆಂದು ಸುತ್ತಲೂ ಕಾಂಕ್ರೀಟಿನ ಹೊದಿಕೆ. ಆ ಕಾಲಕ್ಕೆ ಇದು ಜಾಣ ಉಪಾಯವೇ ಸರಿ. ಆದರೆ ತಂತಿಗಳ ಸುತ್ತ ತುಂಬಿದ ಸಿಮೆಂಟಿನಲ್ಲಿ ಎಲ್ಲಾದರೂ ಪೊಳ್ಳು ಉಳಿದು ಅಲ್ಲಿಗೆ ತೇವ ಇಳಿದರೆ, ಒಳಗೆ ತಂತಿಗಳು ಒಂದೊಂದಾಗಿ ಕಡಿಯುತ್ತ ಹೋದರೂ ಕೆಳಗೆ ನಿಂತು ನೋಡುವವರಿಗೆ ಬೂದು ಕಾಂಕ್ರೀಟಷ್ಟೇ ಕಾಣುತ್ತದೆ. ನಾಲ್ಕರಲ್ಲಿ ಒಂದು ಕೈಕೊಟ್ಟರೆ ಅದರ ಭಾರ ಹೊರಲು ಬೇರೆ ಆಸರೆಯೂ ಇರಲಿಲ್ಲ.

ಸಮುದ್ರದ ಉಪ್ಪುಗಾಳಿಯೂ ಸಮೀಪದ ಉಕ್ಕಿನ ಕಾರ್ಖಾನೆಯ ಹೊಗೆಯೂ ಕಾಂಕ್ರೀಟನ್ನು ತಿನ್ನುತ್ತಿವೆ, ತುಕ್ಕು ತೆಗೆದು ರಕ್ಷಣಾ ಲೇಪ ಕೊಡುವ ಕೆಲಸ ನಡೆಯುತ್ತಲೇ ಇರಬೇಕು ಎಂದು 1979ರಲ್ಲಿ ಮೊರಾಂಡಿ ಅವರೇ ಬರೆದಿದ್ದರು. ಸೇತುವೆಯ ಕಂಬಗಳ ಎಣಿಕೆಯಲ್ಲಿ ಆ ಮೂರು ಗೋಪುರಗಳ ಸಂಖ್ಯೆ 9, 10 ಮತ್ತು 11. 1990ರ ದಶಕದ ಆರಂಭದಲ್ಲಿ 11ನೇ ಗೋಪುರದ ಕಟ್ಟುಗಳು ಒಳಗೆ ಕೆಟ್ಟಿರುವುದು ಗೊತ್ತಾಗಿ, ಹಳೆಯ ಕಾಂಕ್ರೀಟಿನ ಹೊರಮೈಗೆ ಹೊಸ ಉಕ್ಕಿನ ಕೇಬಲ್‌ಗಳನ್ನು ಬಿಗಿಯಲಾಯಿತು. 10ನೇ ಗೋಪುರದ ತುದಿಯಲ್ಲಿ ಒಂದಿಷ್ಟು ಬಲಪಡಿಸುವ ಕೆಲಸ ನಡೆಯಿತು. 9ನೆಯದನ್ನು ಮುಟ್ಟಲಿಲ್ಲ. ಒಂದೇ ನಕ್ಷೆಯಲ್ಲಿ, ಒಂದೇ ಕಾಲದಲ್ಲಿ ಕಟ್ಟಿ, ಒಂದೇ ಗಾಳಿಗೆ ಮೈಯೊಡ್ಡಿ ನಿಂತ ಮೂರರಲ್ಲಿ ಒಂದಕ್ಕೆ ರೋಗವಿದೆಯೆಂದು ತಿಳಿದ ಮೇಲೂ ಉಳಿದವು ತಡೆದಾವು ಎಂದುಕೊಳ್ಳುವುದಕ್ಕೆ ಸ್ವಲ್ಪ ಹೆಚ್ಚೇ ಧೈರ್ಯ ಬೇಕು. ಆ ಧೈರ್ಯದಲ್ಲೇ 25 ವರ್ಷ ಕಳೆದವು. ಕೊನೆಗೆ 9 ಮತ್ತು 10ನೇ ಗೋಪುರಗಳನ್ನು ಬಲಪಡಿಸುವ ಯೋಜನೆ ಸಿದ್ಧವಾಯಿತು. ಕೆಲಸ ಶುರುವಾಗುವ ಮೊದಲೇ 9ನೇ ಗೋಪುರ ಬಿತ್ತು. ಅದರ ಕಟ್ಟೊಂದರ ಮೇಲ್ತುದಿಯಲ್ಲಿ ತಂತಿಗಳನ್ನು ತುಕ್ಕು ತಿಂದುಹಾಕಿದ್ದೇ ಕುಸಿತದ ಮೂಲವೆಂದು ಕೋರ್ಟ್ ನೇಮಿಸಿದ ತಜ್ಞರು ಹೇಳಿದರು.

ಉಳಿದ ಸೇತುವೆಯ ನೆರಳಿನಲ್ಲೇ ಇದ್ದ ಮನೆಗಳಿಂದ ಐನೂರಕ್ಕೂ ಹೆಚ್ಚು ಜನರನ್ನು ತೆರವುಗೊಳಿಸಲಾಯಿತು. ಅವರು ವಾರಗಟ್ಟಲೆ ಕಾದು, ಗೊತ್ತುಮಾಡಿದ ಸಮಯದೊಳಗೆ ಒಳಹೋಗಿ, ಸಿಕ್ಕಷ್ಟು ಸಾಮಾನನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಬರಬೇಕಾಯಿತು. 2019ರ ಜೂನ್ 28ರಂದು ನಿಂತಿದ್ದ ಎರಡು ಗೋಪುರಗಳನ್ನೂ ಸ್ಫೋಟಕ ಇಟ್ಟು ಉರುಳಿಸಿದರು. ಜಿನೋವಾದವರೇ ಆದ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಹೊಸ ಸೇತುವೆ 2020ರ ಆಗಸ್ಟ್ 3ರಂದು ಉದ್ಘಾಟನೆಯಾಯಿತು. ಅದಕ್ಕೆ ಕೇಬಲ್ ಕಟ್ಟುಗಳೇ ಇಲ್ಲ: 18 ಕಾಂಕ್ರೀಟ್ ಕಂಬಗಳ ಮೇಲೆ ಉಕ್ಕಿನ ಮೈ ಕುಳಿತಿದೆ. ಉಪ್ಪು ಬೆರೆತ ತೇವ ನಿಲ್ಲದಂತೆ ಒಳಗಿನ ಗಾಳಿಯನ್ನು ಒಣಗಿಸುವ ಯಂತ್ರಗಳಿವೆ, ತಳಭಾಗವನ್ನು ರೋಬೋಟ್‌ಗಳು ತಪಾಸಣೆ ಮಾಡುತ್ತವೆ.