ಸಮಾಧಿಯ ಮಾರ್ಬಲ್ ಕಲ್ಲಿನ ಮೇಲೆ ಅಕ್ಷರ ಯಾಕೆ ಉಳಿಯುವುದಿಲ್ಲ?

ಪ್ರಶ್ನೆ: ಅಜ್ಜಿಯ ಸಮಾಧಿಗೆ ಒಳ್ಳೆಯ ಬಿಳಿ ಮಾರ್ಬಲ್ ಹಾಕಿಸಿದ್ದೆವು. ಈಗ ಹೆಸರೇ ಮಸುಕಾಗಿದೆ. ಪಕ್ಕದ ಗ್ರಾನೈಟ್ ಕಲ್ಲು ಅದಕ್ಕಿಂತ ಹಳೆಯದು, ಅದು ಹಾಗೇ ಇದೆ. ಯಾಕೆ?

ಕಲ್ಲು ಆರಿಸಿದ್ದರಲ್ಲಿ ನೀವು ಮೋಸ ಹೋಗಿಲ್ಲ. ಮಾರ್ಬಲ್ ಗುಣವೇ ಹಾಗೆ. ಮಾರ್ಬಲ್ ನೆಲದ ಮೇಲೆ ನಿಂಬೆರಸ ಬಿದ್ದು, ಒರೆಸುವುದು ತಡವಾದರೆ ಆ ಜಾಗದ ಹೊಳಪೇ ಹೋಗಿಬಿಡುತ್ತದೆ, ಅದೇ ರಸ ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಏನೂ ಮಾಡುವುದಿಲ್ಲ, ನೋಡಿದ್ದೀರಿ ಅಲ್ವಾ? ಸಮಾಧಿಯಲ್ಲೂ ಅದೇ ಆಗುತ್ತದೆ, ತುಂಬಾ ನಿಧಾನವಾಗಿ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನಲ್ಲಿ ಇರುವುದೂ ಅದೇ. ಮಳೆನೀರು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಶುದ್ಧ ಗಾಳಿಯಲ್ಲೂ ಅದರ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆ ಅಂದರೆ ಆಮ್ಲ) ಸುಮಾರು 5.6. ಈ ನೀರಿಗೆ ಮಾರ್ಬಲ್ ಕರಗುತ್ತದೆ. ಕಲ್ಲಿದ್ದಲಿನ ಹೊಗೆ ಸೇರಿದರೆ ಇನ್ನೂ ಬೇಗ.

ಇದಕ್ಕೆ ಸಾಕ್ಷಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದೆ. ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ ಅಲ್ಲಿನ ಸ್ಮಶಾನಗಳನ್ನು ಸುತ್ತಿ, ಯಾವ ಕಲ್ಲು ಎಷ್ಟು ಸವೆದಿದೆ ಅಂತ ನೋಡಿ 1880ರಲ್ಲಿ ಬರೆದರು. ಆ ಊರಿನ ಹವೆಯಲ್ಲಿ ಮಾರ್ಬಲ್ ನೂರು ವರ್ಷವೂ ಬಾಳುವುದಿಲ್ಲ ಅಂತ ಅವರಿಗೆ ಕಂಡಿತು. ಅವರು ನೋಡಿದ್ದರಲ್ಲಿ 1799ರಲ್ಲಿ ತೀರಿಕೊಂಡ ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅವರ ಸಮಾಧಿಯೂ ಇತ್ತು. ಅದರ ಮಾರ್ಬಲ್ ಫಲಕದ ಬರಹ ಆಗಲೇ ಅಲ್ಲಲ್ಲಿ ಓದಲಾಗದಂತೆ ಆಗಿತ್ತು. ಈ ಬ್ಲ್ಯಾಕ್ ಯಾರು ಗೊತ್ತಾ? 1750ರ ದಶಕದಲ್ಲಿ ಇಂಥವೇ ಕಾರ್ಬೊನೇಟ್‌ಗಳನ್ನು ಕಾಯಿಸಿ, ಆಮ್ಲ ಹಾಕಿ, ಅದರಿಂದ ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಗುರುತಿಸಿದವರು! ಅದೇ ಅನಿಲ ಮಳೆಯಲ್ಲಿ ಸೇರಿ ಅವರ ಹೆಸರನ್ನೇ ಕರಗಿಸುವುದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗ್ರಾನೈಟ್‌ನಲ್ಲಿರುವ ಸ್ಫಟಿಕಶಿಲೆಗೆ ಮಳೆಯ ಈ ಆಮ್ಲ ತಾಗುವುದೇ ಇಲ್ಲ ಅನ್ನಬಹುದು. ಅದರಲ್ಲೇ ಇರುವ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಕೊನೆಗೆ ಜೇಡಿಮಣ್ಣಾಗುತ್ತದೆ, ಆದರೆ ಅದಕ್ಕೆ ಕಾಲ ಜಾಸ್ತಿ ಬೇಕು. ಮರಳುಗಲ್ಲಿನ ಕಥೆ ಬೇರೆ. ನೆಲದ ತೇವದ ಜೊತೆ ಉಪ್ಪು ಮೇಲೇರಿ, ಒಣಗುವಾಗ ಕಲ್ಲಿನೊಳಗೇ ಹರಳುಗಟ್ಟುತ್ತದೆ, ಆಗ ಪದರ ಪದರವಾಗಿ ಕಲ್ಲು ಏಳುತ್ತದೆ.

ಈಗ ನಿಮ್ಮ ಅಜ್ಜಿಯ ಕಲ್ಲಿನ ವಿಷಯ. ದಯವಿಟ್ಟು ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಕೊಳೆಯ ಜೊತೆ ಉಳಿದ ಅಕ್ಷರವೂ ಹೋಗುತ್ತದೆ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಪದರ ಏಳುತ್ತಿದ್ದರೆ ಅದೂ ಬೇಡ, ಮುಟ್ಟದೆ ಬಿಡಿ. ಓದಬೇಕಾದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬೀಳುವಂತೆ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು, ಹಗಲಲ್ಲಿ ಕಾಣದ ಅಕ್ಷರವೂ ಕಾಣಬಹುದು. ಆಗಲೇ ಫೋಟೋ ತೆಗೆದುಕೊಳ್ಳಿ.