ದಾನಿ ಮನೆಯಲ್ಲೇ ಸಿಕ್ಕರು, ಹಾಸಿಗೆ ಸಿಗುತ್ತಿಲ್ಲ

ಮೈಸೂರು, ಮಂಡ್ಯ ಕಡೆಯ ಒಂದು ಮಗುವಿಗೆ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾದರೆ ಸಾಕು, ವಾರದೊಳಗೆ ಆ ಮನೆಗೆ ಸಲಹೆಗಳ ರಾಶಿಯೇ ಬಂದು ಬೀಳುತ್ತದೆ. ‘ಬೋನ್ ಮ್ಯಾರೋ ಹಾಕಿಸಿಬಿಡಿ, ಸರಿಹೋಗುತ್ತೆ’ ಎನ್ನುತ್ತಾರೆ ಒಬ್ಬರು. ‘ಹೊಂದುವ ದಾನಿ ಸಿಗದಿದ್ದರೆ ಮುಗೀತು’ ಎನ್ನುತ್ತಾರೆ ಇನ್ನೊಬ್ಬರು. ‘ಹೆರಿಗೆ ಹೊತ್ತಲ್ಲೇ ಹೊಕ್ಕುಳಬಳ್ಳಿ ರಕ್ತ ಎತ್ತಿಡಿಸಬೇಕಿತ್ತು’ ಎಂದು ಮೂರನೆಯವರು ಕೊರಗು ಹಚ್ಚಿ ಹೋಗುತ್ತಾರೆ. ಮೂರೂ ಬೇರೆ ಬೇರೆ ಕಾಲದ ಮಾತುಗಳು. ಒಟ್ಟಿಗೆ ಕೇಳಿದ ತಂದೆ ತಾಯಿಗೆ ದಿಕ್ಕು ತೋಚುವುದಿಲ್ಲ.

ಮೊದಲನೆಯ ಗಂಟನ್ನು ಇಲ್ಲೇ ಬಿಡಿಸಬಹುದು. ಮಕ್ಕಳ ಲ್ಯುಕೇಮಿಯಾದಲ್ಲಿ, ಅಂದರೆ ಈ ಬ್ಲಡ್ ಕ್ಯಾನ್ಸರಿನಲ್ಲಿ, ಸುಮಾರು ಮುಕ್ಕಾಲು ಪಾಲು ಎಎಲ್‌ಎಲ್ ಎಂಬ ಬಗೆಯದು. ಅದಕ್ಕೆ ಮೂಳೆಮಜ್ಜೆಯ (ಬೋನ್ ಮ್ಯಾರೋ) ಕಸಿ ಮೊದಲ ಚಿಕಿತ್ಸೆಯಲ್ಲ. ಎರಡು ಮೂರು ವರ್ಷ ತಪ್ಪದೆ ಕೀಮೋ ಕೊಡಿಸಿದರೆ ಹೆಚ್ಚಿನ ಮಕ್ಕಳು ಅದರಲ್ಲೇ ಗುಣವಾಗುತ್ತಾರೆ. ಕಾಯಿಲೆ ಮರುಕಳಿಸಿದಾಗ, ಮೊದಲ ಸುತ್ತಿನ ಔಷಧಿಗೆ ಬಗ್ಗದಿದ್ದಾಗ, ಇಲ್ಲವೇ ಎಎಂಎಲ್ ಎಂಬ ಇನ್ನೊಂದು ಬಗೆಯಲ್ಲಿ ಅಪಾಯ ಹೆಚ್ಚೆಂದು ಪರೀಕ್ಷೆಗಳು ತೋರಿಸಿದಾಗ ಕಸಿಯ ಮಾತು ಬರುತ್ತದೆ. ಜ್ವರ ಇಳಿಯಿತು, ಮಗು ಆಡಿಕೊಂಡಿದೆ ಎಂದು ನಡುವೆ ಕೀಮೋ ಬಿಡಿಸುವುದು ಕಾಯಿಲೆಯನ್ನು ಮತ್ತೆ ಮನೆಗೆ ಕರೆದಂತೆ. ಕಸಿಯ ಬಗ್ಗೆ ಇಷ್ಟು ಬರೆಯಲು ಹೊರಟಿದ್ದರೂ ಈ ಮಾತನ್ನೇ ಮೊದಲು ಹೇಳಬೇಕೆನಿಸುತ್ತದೆ.

ಇತಿಹಾಸ ಸಣ್ಣದೇನಲ್ಲ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧಿಯಿಂದ ಮಕ್ಕಳ ಲ್ಯುಕೇಮಿಯಾವನ್ನು ಕೆಲಕಾಲವಾದರೂ ತಗ್ಗಿಸಬಹುದೆಂದು ತೋರಿಸಿದರು. ಆ ಔಷಧಿ ತಯಾರಾದದ್ದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯ ಮುಂದಾಳಾಗಿದ್ದ ಲೆಡರ್ಲಿ ಪ್ರಯೋಗಾಲಯದಲ್ಲಿ. 1957ರಲ್ಲಿ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಮನುಷ್ಯರಿಗೆ ಮಜ್ಜೆ ಕೊಟ್ಟ ಮೊದಲ ವರದಿ ಪ್ರಕಟಿಸಿದರು, ಮರುವರ್ಷ ಪ್ಯಾರಿಸ್ಸಿನ ಝಾನ್ ದೊಸ್ಸೆ, ತನ್ನ ಕೋಶ ಯಾವುದು, ಪರರದು ಯಾವುದು ಎಂದು ದೇಹ ಗುರುತಿಸಲು ನೆರವಾಗುವ ಎಚ್‌ಎಲ್‌ಎ ಗುರುತುಗಳ ಸುಳಿವು ಹಿಡಿದರು, ಇಬ್ಬರಿಗೂ ಮುಂದೆ ನೊಬೆಲ್ ಬಂತು. ಭಾರತದ ಮೊದಲ ಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರೋಗಿ ಎಎಂಎಲ್ ಇದ್ದ ಪುಟ್ಟ ಹುಡುಗಿ, ದಾನಿ ಅವಳ ಒಡಹುಟ್ಟಿದವನು. ಕೆಲವೇ ವರ್ಷಗಳಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯೂ ಶುರುಮಾಡಿತು. ನಮ್ಮ ಭಾಗದವರಿಗೆ ಬಹಳ ಕಾಲ ‘ದೊಡ್ಡಾಸ್ಪತ್ರೆ’ ಎಂದರೆ ವೆಲ್ಲೂರೇ.

ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಇಡೀ ಕಥೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ದಾನಿ ಯಾರು?

ಎಚ್‌ಎಲ್‌ಎ ಗುರುತುಗಳು ಮಗುವಿಗೆ ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ಹಾಗಾಗಿ ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆರೇಳು ಮಕ್ಕಳಿದ್ದ ಕಾಲದಲ್ಲಿ ಇದು ದೊಡ್ಡ ತೊಡಕಲ್ಲ. ಆದರೆ ಕಸಿ ನಮ್ಮ ದೇಶದಲ್ಲಿ ಕೈಗೆಟಕುವ ಹೊತ್ತಿಗೆ ಊರೂರಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬಲ್ಲಿಗೆ ಸಂಸಾರ ನಿಂತಿತ್ತು. ಒಬ್ಬಳೇ ಅಕ್ಕ, ಅವಳ ವರದಿ ಹೊಂದಲಿಲ್ಲ ಎಂದರೆ ದಾರಿ ಮುಚ್ಚಿದಂತೆ. ದಾನಿಗಳ ನೋಂದಣಿ ಪಟ್ಟಿ ಲಂಡನ್ನಿನಲ್ಲಿ 1974ರಲ್ಲೇ ಆರಂಭವಾಗಿದ್ದರೂ ಅಲ್ಲಿನ ಹೆಸರುಗಳಲ್ಲಿ ನಮ್ಮ ಮಕ್ಕಳಿಗೆ ಹೊಂದುವವರು ಸಿಗುವುದು ಅಪರೂಪ, ಈ ಗುರುತುಗಳು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುತ್ತವೆ. ದಾನಿಗಳನ್ನು ನೋಂದಾಯಿಸುವ ಚೆನ್ನೈನ ಸಂಸ್ಥೆ ‘ದಾತ್ರಿ’ 2009ರಲ್ಲಿ ಕೆಲಸ ಶುರುಮಾಡಿದ ಮೇಲೆ ದೇಶದೊಳಗೇ ಲಕ್ಷಾಂತರ ಜನ ಕೆನ್ನೆಯೊಳಗಿನ ಉಜ್ಜು ಕೊಟ್ಟು ಹೆಸರು ಬರೆಸಿದ್ದಾರೆ. ನಮ್ಮ ಜನಸಂಖ್ಯೆಯ ಮುಂದೆ ಅದೂ ಕಡಿಮೆಯೇ.

ಮಂಡ್ಯ ಸೀಮೆಯಲ್ಲಿ ಇನ್ನೊಂದು ಸಂಗತಿ ಇದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮಾವನನ್ನೇ ಮದುವೆಯಾದ ಹೆಣ್ಣುಮಗಳು ಮತ್ತು ಅವಳ ಗಂಡ ಒಂದೇ ಗುರುತಿನ ಕಂತೆಯನ್ನು ಹೊತ್ತಿರುವುದುಂಟು. ಆಗ ಮಗುವಿನ ವರದಿ ಅಪ್ಪನ ಅಥವಾ ಅಮ್ಮನ ವರದಿಗೇ ಪೂರ್ತಿ ತಾಳೆಯಾಗಬಹುದು, ಬೇರೆ ಮನೆತನಗಳಲ್ಲಿ ಇದು ತೀರಾ ವಿರಳ. ಆದ್ದರಿಂದ ಇಂಥ ಕುಟುಂಬಗಳಲ್ಲಿ ಒಡಹುಟ್ಟಿದವರು ಹೊಂದಲಿಲ್ಲವೆಂದ ಕೂಡಲೇ ಕೈಚೆಲ್ಲದೆ ಹೆತ್ತವರು, ಚಿಕ್ಕಪ್ಪ, ದೊಡ್ಡಮ್ಮನ ಮಕ್ಕಳನ್ನೂ ಪರೀಕ್ಷಿಸುವುದು ವೈದ್ಯರ ಪದ್ಧತಿ. ರಕ್ತಸಂಬಂಧದ ಮದುವೆಯಿಂದ ಹುಟ್ಟುಕಾಯಿಲೆಗಳ ಅಪಾಯ ಹೆಚ್ಚುತ್ತದೆ, ಅದನ್ನು ಮರೆತು ರೂಢಿಯನ್ನು ಹೊಗಳಬೇಕಿಲ್ಲ. ಆದರೆ ಆಗಿಹೋದ ಸಂಬಂಧದಿಂದ ಒಂದು ಮಗುವಿಗೆ ಒಳಿತಾಗುವುದಿದ್ದರೆ ಬಿಡಬಾರದು.

ದಾನದ ಬಗ್ಗೆ ಅಜ್ಜಿಯರ ಹೆದರಿಕೆಯೂ ಸಣ್ಣದಲ್ಲ. ‘ಒಂದು ಮಗು ಮಲಗಿದೆ, ಇನ್ನೊಂದರ ಬೆನ್ನುಮೂಳೆಗೂ ಸೂಜಿ ಹಾಕಿಸ್ತೀರಾ?’ ಎಂದು ಅವರು ಕೇಳುತ್ತಾರೆ. ಬೆನ್ನುಮೂಳೆ ತಂಟೆಗೆ ಯಾರೂ ಹೋಗುವುದಿಲ್ಲ. ಮಜ್ಜೆ ತೆಗೆಯುವುದು ಸೊಂಟದ ಹಿಂಬದಿಯ ಮೂಳೆಯಿಂದ, ಅರಿವಳಿಕೆ ಕೊಟ್ಟು. ಕೆಲವು ದಿನ ನೋವಿರುತ್ತದೆ, ತೆಗೆದಷ್ಟು ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಪಡೆಯುವ ಮಗುವಿಗಂತೂ ಆಪರೇಷನ್ನೇ ಇಲ್ಲ. ತೀವ್ರ ಕೀಮೋ ಅಥವಾ ಇಡೀ ದೇಹಕ್ಕೆ ರೇಡಿಯೇಷನ್ ಕೊಟ್ಟು ಹಳೆಯ ಮಜ್ಜೆಯನ್ನು ಬರಿದು ಮಾಡಿದ ಮೇಲೆ, ಕಡುಗೆಂಪು ಚೀಲವೊಂದನ್ನು ಸ್ಟ್ಯಾಂಡಿಗೆ ತೂಗುಹಾಕಿ ಎದೆಯ ನಳಿಕೆಯ ಮೂಲಕ ಹನಿಸುತ್ತಾರೆ, ನೋಡುವವರಿಗೆ ರಕ್ತ ಕೊಟ್ಟಂತೆಯೇ. ಅದರಲ್ಲಿರುವ, ಹೊಸ ರಕ್ತಕಣ ಹುಟ್ಟಿಸುವ ಆಕರಕೋಶಗಳು (ಸ್ಟೆಮ್ ಸೆಲ್) ತಾವಾಗಿಯೇ ಮೂಳೆಯೊಳಗೆ ಹೋಗಿ ನೆಲೆಯೂರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಬಿಳಿಕಣ ಏರತೊಡಗುತ್ತದೆ. ದಾನಿಯದು ಬೇರೆ ರಕ್ತದ ಗುಂಪಾಗಿದ್ದರೆ ಕ್ರಮೇಣ ಮಗುವಿನ ಗುಂಪೂ ಅದಕ್ಕೆ ತಿರುಗುತ್ತದೆ. ಹುಟ್ಟಿದಾಗಿನಿಂದ ಹಾಕಿಸಿದ್ದ ಲಸಿಕೆಗಳನ್ನು ಮುಂದೆ ಮತ್ತೆ ಮೊದಲಿನಿಂದ ಹಾಕಿಸಬೇಕು.

ಈ ದಾನಿಗಾಗಿ ಪರದಾಡುವ ಕಾಲದಲ್ಲೇ ಹೊಕ್ಕುಳಬಳ್ಳಿಯ ವ್ಯಾಪಾರ ಬೆಳೆಯಿತು. 1988ರಲ್ಲಿ ಪ್ಯಾರಿಸ್ಸಿನಲ್ಲಿ ಹಸುಗೂಸು ತಂಗಿಯ ಹೊಕ್ಕುಳಬಳ್ಳಿ ರಕ್ತದಿಂದ ಅಣ್ಣನಿಗೆ ಕಸಿ ಮಾಡಿದ್ದು ನಿಜವಾದ ಸಾಧನೆ, ಆದರೆ ಅದು ಇನ್ನೊಂದು ಮಗುವಿನ ರಕ್ತ. ತನ್ನದೇ ರಕ್ತವನ್ನು ತನಗಾಗಿ ಎತ್ತಿಡುವುದು ಲ್ಯುಕೇಮಿಯಾಕ್ಕೆ ಕೆಲಸಕ್ಕೆ ಬಾರದು. ಎಷ್ಟೋ ಮಕ್ಕಳಲ್ಲಿ ಈ ಕಾಯಿಲೆಯ ಮೊಳಕೆ ಹುಟ್ಟುವ ಮೊದಲೇ ಇರುತ್ತದೆ, ಎತ್ತಿಟ್ಟ ರಕ್ತದಲ್ಲೂ ಇರಬಹುದು. ಸ್ವಂತಕ್ಕೆಂದು ಹಣ ಕೊಟ್ಟು ಎತ್ತಿಡಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಎತ್ತಿಡಿಸದ ತಾಯಿ ಯಾವ ತಪ್ಪನ್ನೂ ಮಾಡಿಲ್ಲ.

ಆಮೇಲೆ ಬಂದದ್ದು ಅರ್ಧ ಹೊಂದಾಣಿಕೆಯ ಕಸಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು, ಕಸಿಯಾದ ಮೂರನೇ ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಟ್ಟರೆ ದಾನಿಯ ಕೋಶಗಳು ಮಗುವಿನ ಮೇಲೆ ತಿರುಗಿಬೀಳುವುದು ಬಹಳಷ್ಟು ಕಡಿಮೆಯಾಗುತ್ತದೆಂದು ತೋರಿಸಿದರು. ಹಳೆಯ, ಅಗ್ಗದ ಔಷಧಿ ಅದು. ಅರ್ಧ ಹೊಂದಿದರೆ ಸಾಕು ಎಂದಾದ ಮೇಲೆ ಅಪ್ಪ ಅಥವಾ ಅಮ್ಮನೇ ದಾನಿ. ‘ದಾನಿ ಸಿಗದಿದ್ದರೆ ಮುಗೀತು’ ಎಂಬ ಮಾತಿಗೆ ಈಗ ಅರ್ಥವೇ ಉಳಿದಿಲ್ಲ.

ಉಳಿದಿರುವುದು ಹಣ, ಹಾಸಿಗೆ, ದೂರ. ಕಸಿಗೆ ಹತ್ತು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಬೇಕಾಗುತ್ತದೆ, ಸೋಂಕು ತಗುಲಿದರೆ ಇನ್ನೂ ಮೇಲೆ. ಥಲಸ್ಸೇಮಿಯಾ ಎಂಬ ರಕ್ತದ ಹುಟ್ಟುಕಾಯಿಲೆಯ ಮಕ್ಕಳ ಕಸಿಗೆ 2017ರಿಂದ ಕೋಲ್ ಇಂಡಿಯಾದ ಹಣದಲ್ಲಿ ಹತ್ತು ಲಕ್ಷದ ನೆರವಿನ ಯೋಜನೆ ಇದೆ. ಲ್ಯುಕೇಮಿಯಾ ಮಕ್ಕಳು ಅದರೊಳಗೆ ಬರುವುದಿಲ್ಲ. ಅವರ ಹೆತ್ತವರು ಎಸ್ಟಿಮೇಟ್ ಪತ್ರ ಹಿಡಿದು ಮುಖ್ಯಮಂತ್ರಿ ನಿಧಿ, ಪ್ರಧಾನಿ ನಿಧಿ, ಟ್ರಸ್ಟು, ಶಾಸಕರ ಮನೆ ಎಂದು ಅಲೆಯುತ್ತಾರೆ. ಕಾಯಿಲೆ ಕೀಮೋಗೆ ತಗ್ಗಿರುವಾಗಲೇ ಕಸಿ ಆಗಬೇಕು. ಆ ಅವಧಿ ಕೆಲವೇ ವಾರ, ಹಣ ಮಂಜೂರಾಗುವ ಹೊತ್ತಿಗೆ ಮತ್ತೆ ಮರುಕಳಿಸಿದ್ದರೆ ಆ ಮಂಜೂರಾತಿ ಯಾರಿಗೂ ಪ್ರಯೋಜನವಿಲ್ಲ.

2023ರಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ದಶಪಥದಿಂದ ಬೆಂಗಳೂರು ಹತ್ತಿರವಾಗಿದೆ, ಸ್ವಂತ ಕಾರು ಇದ್ದವರಿಗೆ. ಕಸಿಯಾದ ಮಗುವನ್ನು ಚಾಮುಂಡಿ ಎಕ್ಸ್‌ಪ್ರೆಸ್ಸಿನ ನೂಕುನುಗ್ಗಲಲ್ಲಿ ತಪಾಸಣೆಗೆ ಒಯ್ಯಲಾಗದು. ಮೊದಲ ನೂರು ದಿನ ಆಸ್ಪತ್ರೆ ಪಕ್ಕದಲ್ಲೇ ಇರಿ ಎನ್ನುತ್ತಾರೆ. ಕೊಟ್ಟಿಗೆಗೆ ಅಂಟಿದ ಮನೆ, ಹಿತ್ತಿಲಲ್ಲಿ ಹುಲ್ಲಿನ ಮೆದೆ ಇರುವವರಿಗೆ ಅದು ಬರೀ ಉಪದೇಶವಲ್ಲ, ಹಳೆಯ ಹುಲ್ಲಿನ ಬೂಷ್ಟು ಆ ಮಕ್ಕಳ ಶ್ವಾಸಕೋಶಕ್ಕೆ ಹೊಕ್ಕರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಅಮ್ಮ ಮಗುವಿನ ಜೊತೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ, ಅಪ್ಪ ಊರಲ್ಲಿ ಗದ್ದೆ, ದನ, ಇನ್ನೊಂದು ಮಗುವಿನ ಜೊತೆ.

ಕಸಿ ಘಟಕ ಎಲ್ಲ ಜಿಲ್ಲೆಗೂ ಬೇಕೆಂದಲ್ಲ. ಶುದ್ಧಗಾಳಿಯ ಕೋಣೆ, ನುರಿತ ನರ್ಸ್‌ಗಳು, ರೇಡಿಯೇಷನ್ ಯಂತ್ರ ಒಂದೆಡೆ ಕೂಡಿಬರುವುದು ಕಷ್ಟ. ಆದರೆ 1924ರಷ್ಟು ಹಿಂದೆ ಆರಂಭವಾದ ವೈದ್ಯಕೀಯ ಕಾಲೇಜಿರುವ ಮೈಸೂರಿನಲ್ಲಿ ಕಸಿಯ ನಂತರದ ಆರೈಕೆಯನ್ನಾದರೂ ಬೇರೂರಿಸಬಹುದು: ವಿಕಿರಣ ಹಾಯಿಸಿದ ರಕ್ತ ಮತ್ತು ಪ್ಲೇಟ್ಲೆಟ್, ಔಷಧಿಯ ಮಟ್ಟ ನೋಡುವ ಪರೀಕ್ಷೆ, ವೈರಸ್ ಪರೀಕ್ಷೆ, ರಾತ್ರಿ ಜ್ವರ ಬಂದರೆ ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹಾಕುವ ಒಂದು ಮಕ್ಕಳ ವಾರ್ಡು. ಅಲ್ಲಿಯವರೆಗೆ, ಮರುಕಳಿಸಿತು ಎಂದು ವೈದ್ಯರು ಹೇಳಿದ ವಾರವೇ ಹೆತ್ತವರು ಎರಡು ಕೆಲಸ ಮಾಡಿಸಿಕೊಳ್ಳಬೇಕು. ಒಂದು, ಮನೆಮಂದಿಯ ಎಚ್‌ಎಲ್‌ಎ ಪರೀಕ್ಷೆ. ಇನ್ನೊಂದು, ಎಸ್ಟಿಮೇಟ್ ಪತ್ರ. ಕೀಮೋ ನಡೆಯುತ್ತಿರುವಾಗಲೇ ಇವೆರಡೂ ಕೈಯಲ್ಲಿರಬೇಕು.